ತುಳುನಾಡಿನ ಭೂಲೆಕ್ಕಗಳಲ್ಲಿ ಮಾತೃಕೆಯೂ ಪ್ರತಿಯೂ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಎಂಬ ಮೂರು ತಾಲೂಕುಗಳ ನೆಲವು ಪೂರ್ವದಲ್ಲಿ ಬಂಗವಾಡಿಯ ಬಂಗರು, ವೇಣೂರಿನ ಅಜಿಲರು, ಪುತ್ತಿಗೆ ಮೂಡಬಿದಿರೆಗಳ ಚೌಟರು, ವಿಟ್ಲದ ಡೊಂಬ ಹೆಗ್ಗಡೆಗಳು ಮೊದಲಾದ ಅರಸುಮನೆತನಗಳ ಆಳಿಕೆಗೆ ಒಳಪಟ್ಟಿದ್ದಿತು. ಈ ಅರಸರ ಬಸದಿಗಳನ್ನೂ ಶಾಸನಗಳನ್ನೂ ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಆದರೆ ಅವರ ನೆಲದ ಲೆಕ್ಕವನ್ನು ಯಾರು ಬರೆದಿಟ್ಟರು, ಒಂದು ಚಾವಡಿಯಲ್ಲಿ ಬರೆದುದು ಮತ್ತೊಂದು ಚಾವಡಿಗೆ ಹೇಗೆ ತಿಳಿಯುತ್ತಿದ್ದಿತು ಎಂಬ ವಿಷಯವು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಇದು ಕೇವಲ ಗತಕಾಲದ ಕುತೂಹಲವಲ್ಲ. ಇಂದು ಇಲ್ಲಿ ಒಂದು ಅಡಿಕೆತೋಟವನ್ನು ಹೊಂದಿರುವ ಗೃಹಸ್ಥನ ಸಂಗತಿಯು ಕಂದಾಯ, ನೋಂದಣಿ, ಭೂಮಾಪನ, ಪಂಚಾಯತಿ, ಅರಣ್ಯ, ಕೃಷಿ ಎಂಬ ಆರು ಇಲಾಖೆಗಳ ಪುಸ್ತಕಗಳಲ್ಲಿ ಪ್ರತ್ಯೇಕ ಪ್ರತ್ಯೇಕವಾಗಿ ಲಿಖಿತವಾಗಿರುತ್ತದೆ. ಆ ಆರೂ ಒಂದೇ ಮಾತನ್ನು ಹೇಳಿದರೆ ಅವನ ಹಕ್ಕು ಸುಭದ್ರ. ಒಂದು ಬೇರೆಯಾಗಿ ನುಡಿದರೆ ಸಾಲ, ವಿಮೆ, ವಿಭಾಗ, ವಿಕ್ರಯ ಎಲ್ಲವೂ ನಿಂತುಹೋಗುತ್ತವೆ. ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಈ ಅವಸ್ಥೆಯು ಹೊಸದಾಗಿ ತೋರಲಾರದು. ಮಾತೃಕೆ ಯಾವುದು, ಪ್ರತಿ ಯಾವುದು, ತಿದ್ದುವ ಅಧಿಕಾರ ಯಾರದು ಎಂಬ ಮೂರು ಪ್ರಶ್ನೆಗಳೇ ಎರಡು ಕಡೆಯೂ ಮುಖ್ಯವಾದುವು.

ಈ ವಿಷಯದಲ್ಲಿ ಶಾಸ್ತ್ರದ ಮತವನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕದ ಮನೆಯೂ ಅದರಲ್ಲಿ ನಿಬಂಧಪುಸ್ತಕಗಳ ಸ್ಥಾನವೂ ವಿಧಿಸಲ್ಪಟ್ಟಿವೆ. ಐದು ಅಥವಾ ಹತ್ತು ಗ್ರಾಮಗಳಿಗೆ ಒಬ್ಬನಾಗಿ ನಿಯಮಿತನಾದ ಗೋಪನು ಗ್ರಾಮದ ಎಲ್ಲೆ, ಹೊಲಗಳ ಎಲ್ಲೆ, ಅರಣ್ಯ, ದಾರಿ ಇವುಗಳನ್ನು ಬರೆಯುವಂತೆಯೇ ದಾನವಿಕ್ರಯಗಳನ್ನೂ ತೆರಿಗೆಯ ವಿನಾಯಿತಿಗಳನ್ನೂ ಬರೆದಿಡಬೇಕು. ಎಂದರೆ, ಇಂದು ನೋಂದಣಿ ಇಲಾಖೆಯಲ್ಲಿಯೂ ಅರಣ್ಯ ಇಲಾಖೆಯಲ್ಲಿಯೂ ಇರುವ ಸಂಗತಿಗಳು ಅಲ್ಲಿ ಒಬ್ಬನೇ ಅಧಿಕಾರಿಯ ನಿಬಂಧದಲ್ಲಿ ಇದ್ದುವು. ಅವನು ಬರೆದುದನ್ನು ಸುಮ್ಮನೆ ನಂಬಬೇಕೆಂದು ಕೌಟಲ್ಯನು ಹೇಳುವುದಿಲ್ಲ. ಗೃಹಪತಿಗಳ ವೇಷದಲ್ಲಿದ್ದ ಚಾರರು ಗ್ರಾಮಗಳಲ್ಲಿ ಹೊಲ, ಮನೆ, ಕುಲಗಳ ಪ್ರಮಾಣವನ್ನು ಬೇರೆಯಾಗಿ ತಿಳಿದುಕೊಳ್ಳತಕ್ಕದ್ದು. ಚಾರರ ಮಾತು ಇಂದಿನ ಮನಸ್ಸಿಗೆ ಹಿಡಿಸಲಾರದು. ಆದರೂ ಬರೆಯುವ ಕೈ ಒಂದು, ಪರೀಕ್ಷಿಸುವ ಕಣ್ಣು ಇನ್ನೊಂದು ಎಂಬ ವಿಭಾಗವು ಗಮನಾರ್ಹವಾದುದು. ಧರ್ಮಶಾಸ್ತ್ರಕಾರರಲ್ಲಿ ವಿಷ್ಣುವು ಲೇಖ್ಯವನ್ನು ರಾಜಸಾಕ್ಷಿಕ, ಸಸಾಕ್ಷಿಕ, ಅಸಾಕ್ಷಿಕ ಎಂದು ಮೂರಾಗಿ ವಿಂಗಡಿಸಿದ್ದಾನೆ. ರಾಜನ ಅಧಿಕರಣದಲ್ಲಿ ಅವನಿಂದ ನಿಯುಕ್ತನಾದ ಕಾಯಸ್ಥನು ಬರೆದು ಅಧ್ಯಕ್ಷನು ಕೈಗುರುತು ಹಾಕಿದುದೇ ರಾಜಸಾಕ್ಷಿಕ. ಇಂದಿನ ನೋಂದಾಯಿತ ಪತ್ರಕ್ಕೆ ಇದಕ್ಕಿಂತ ಸಮೀಪವಾದ ಪ್ರಾಚೀನ ಲಕ್ಷಣವು ದೊರೆಯುವುದು ಕಷ್ಟ.

ಶಾಸ್ತ್ರದಿಂದ ದೇಶಾಚಾರಕ್ಕೆ ಬಂದರೆ, ಕನ್ನಡನಾಡಿನ ಲೆಕ್ಕಗಳೆಲ್ಲ ಬಹುಕಾಲ ಕಡತಗಳಲ್ಲಿ ಇದ್ದುವು. ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬೆರೆಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾದ ತನ್ನ ಮೊದಲನೆಯ ಸಂಪುಟದಲ್ಲಿ ಈ ಕಡತದ ಸ್ವರೂಪವನ್ನು ವರ್ಣಿಸಿದ್ದಾನೆ. ಕಡತಕ್ಕೆ ಒಂದು ಗುಣವೂ ಅದೇ ಕಾರಣದಿಂದ ಒಂದು ದೋಷವೂ ಉಂಟು: ಬರೆದುದನ್ನು ಒರಸಿ ಮತ್ತೆ ಬರೆಯಬಹುದು. ಒರಸಿದವನಾರು, ಎಂದು ಒರಸಿದನು ಎಂಬುದಕ್ಕೆ ಕಡತದಲ್ಲಿ ಗುರುತು ಉಳಿಯುವುದಿಲ್ಲ. ಶಾಸನವು ಕಲ್ಲಿನ ಮೇಲೆ ಇದ್ದುದರಿಂದ ಅದನ್ನು ಕೆತ್ತಿ ಕೆಡಿಸಿದರೆ ಕೆಟ್ಟ ಗುರುತಾದರೂ ಕಾಣುತ್ತಿದ್ದಿತು. ದಾನವು ಶಿಲೆಯಲ್ಲಿಯೂ ಕಂದಾಯವು ಕಡತದಲ್ಲಿಯೂ ಇದ್ದುದಕ್ಕೆ ವೆಚ್ಚವೊಂದೇ ಕಾರಣವೆಂದು ಹೇಳಲಾಗದು.

ವಿಜಯನಗರದ ಕಾಲದಲ್ಲಿ ತುಳುನಾಡು ಬಾರಕೂರು, ಮಂಗಳೂರು ಎಂಬ ಎರಡು ರಾಜ್ಯಗಳಾಗಿದ್ದಿತು. ತರುವಾಯ ಕೆಳದಿಯ ನಾಯಕರು ಇದನ್ನು ವಶಮಾಡಿಕೊಂಡರು. ಶಿವಪ್ಪನಾಯಕನ (೧೬೪೫–೧೬೬೦) ಶಿಸ್ತು ಪ್ರಸಿದ್ಧವಾದುದು. ೧೭೬೩ರಲ್ಲಿ ಬಿದನೂರು ಹೈದರನ ಕೈಸೇರಿತು. ೧೭೯೪ರಲ್ಲಿ ಟೀಪುವು ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲಿನ ಮೇಲೆ ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದನು. ೧೭೯೯ರಲ್ಲಿ ದೇಶವು ಇಂಗ್ಲಿಷರದಾಯಿತು. ಕನ್ನಡ ಜಿಲ್ಲೆಗೆ ಮೊದಲನೆಯ ಕಲೆಕ್ಟರನಾಗಿ ಬಂದ ತಾಮಸ್ ಮನ್ರೋ ಎಂಬವನು ೧೮೦೦ನೆಯ ಮೇ ೩೧ರಂದು ಮದ್ರಾಸಿನ ಕಂದಾಯ ಮಂಡಲಿಗೆ ಬರೆದ ದೀರ್ಘಪತ್ರವು ಈ ಜಿಲ್ಲೆಯ ಭೂಚರಿತ್ರೆಗೆ ಮೂಲಗ್ರಂಥದಂತಿದೆ. ಹಳೆಯ ಲೆಕ್ಕಗಳನ್ನು ಆಧಾರವಾಗಿಟ್ಟುಕೊಂಡು, ಈ ದೇಶದಲ್ಲಿ ಭೂಮಿಯು ಪುರಾತನ ಕಾಲದಿಂದಲೂ ಖಾಸಗಿ ಸ್ವತ್ತಾಗಿತ್ತೆಂದು ಅವನು ಪ್ರತಿಪಾದಿಸಿದನು. ಅರಸುತನಗಳು ನಾಲ್ಕು ಬಾರಿ ಬದಲಾದ ಮೇಲೆಯೂ ಬಂಟವಾಳದ ಒಬ್ಬ ಒಕ್ಕಲಿಗನ ಮೂಲಹಕ್ಕು ಉಳಿದುಕೊಂಡಿತೆಂದರೆ ಶ್ಯಾನುಭೋಗರು ಕಾಪಾಡಿಕೊಂಡು ಬಂದ ಆ ಲೆಕ್ಕಗಳಿಗೆ ಅದರಲ್ಲಿ ದೊಡ್ಡ ಪಾಲು ಸಲ್ಲಬೇಕು.

ಇಲ್ಲಿ ‘ವರ್ಗ’ ಎಂಬ ಶಬ್ದವನ್ನು ಕುರಿತು ಒಂದು ಮಾತು. ದಕ್ಷಿಣ ಕನ್ನಡದಲ್ಲಿ ಒಬ್ಬನ ಹೆಸರಿನಲ್ಲಿರುವ ಹಿಡುವಳಿಗೆ ವರ್ಗವೆಂದೂ ಅವನಿಗೆ ವರ್ಗದಾರನೆಂದೂ ಹೆಸರು. ಇದು ಸಂಸ್ಕೃತದ ವರ್ಗಶಬ್ದವೇ ಎಂದು ಮೇಲುನೋಟಕ್ಕೆ ತೋರುತ್ತದೆ. ಅರಬ್ಬಿಯಲ್ಲಿ ಎಲೆ, ಹಾಳೆ ಎಂಬರ್ಥವುಳ್ಳ ‘ವರಕ್’ ಶಬ್ದದಿಂದ ಬಂದಿತೆಂಬ ಮತವೂ ಉಂಟು. ಎರಡನೆಯದು ಸರಿಯಾಗಿದ್ದರೆ, ಹಿಡುವಳಿಗೆ ಅದರ ಲೆಕ್ಕ ಬರೆದ ಹಾಳೆಯ ಹೆಸರೇ ಬಂದಿತೆಂದಾಗುತ್ತದೆ. ‘ದಾರ’ ಪ್ರತ್ಯಯವು ಪಾರಸಿಯದಾಗಿರುವುದು ಈ ಮತಕ್ಕೆ ಅನುಕೂಲವೆನ್ನಬಹುದು. ಆದರೆ ಆ ಪ್ರತ್ಯಯವು ಕನ್ನಡದಲ್ಲಿ ಸಂಸ್ಕೃತ ಶಬ್ದಗಳಿಗೂ ಧಾರಾಳವಾಗಿ ಹತ್ತುವುದರಿಂದ ಅದೊಂದರಿಂದಲೇ ನಿರ್ಣಯವಾಗದು.

ಕಂಪೆನಿಯ ಕಾಲದಲ್ಲಿ ೧೮೧೯ರ ಸುಮಾರಿಗೆ, ಹಿಂದಿನ ವಸೂಲಿಗಳ ಸರಾಸರಿಯನ್ನು ಅನುಸರಿಸಿ ‘ತರಾವು’ ಎಂಬ ತೀರ್ವೆಯು ನಿಗದಿಯಾಯಿತು. ನೆಲವನ್ನು ಅಳೆಯದೆ ಹಣವನ್ನು ಮಾತ್ರ ಲೆಕ್ಕಹಾಕಿದ ಏರ್ಪಾಡು ಇದು. ಹೊಲಹೊಲವನ್ನು ಅಳೆದು ಸರ್ವೆ ನಂಬರು ಕೊಟ್ಟ ಬಂದೋಬಸ್ತು ೧೯ನೆಯ ಶತಮಾನದ ಕಡೆಯಲ್ಲಿ ಆರಂಭವಾಗಿ ೨೦ನೆಯ ಶತಮಾನದ ಆದಿಯಲ್ಲಿ ಮುಗಿಯಿತು. ಅಲ್ಲಿಯವರೆಗೆ ವರ್ಗದ ಎಲ್ಲೆಯು ಹಳ್ಳ, ಮರ, ಅಗಳು, ಕಲ್ಲು ಇವುಗಳಿಂದ ತಿಳಿಯತಕ್ಕದ್ದಾಗಿತ್ತು. ಇದೇ ಕಾಲದಲ್ಲಿ ಒಂದೇ ನೆಲದ ಸಂಗತಿಯು ಮೂರು ಇಲಾಖೆಗಳಲ್ಲಿ ಹಂಚಿಹೋಯಿತು. ಕ್ರಯಪತ್ರ, ಮೂಲಗೇಣಿಚೀಟು ಮೊದಲಾದುವು ನೋಂದಣಿ ಕಚೇರಿಗೆ ಹೋದುವು. ತೀರ್ವೆಯ ಲೆಕ್ಕವು ಅಡಂಗಲಿನಲ್ಲಿ ಉಳಿಯಿತು. ಘಟ್ಟದಡಿಯ ಕಾಡು ಅರಣ್ಯ ಇಲಾಖೆಯ ನಕ್ಷೆಗೆ ಸೇರಿತು. ನೋಂದಣಿಯ ಅಧಿಕಾರಿಯು ಪತ್ರವನ್ನು ನೋಂದಾಯಿಸುವನೇ ಹೊರತು ಮಾರುವವನಿಗೆ ಹಕ್ಕು ಉಂಟೇ ಎಂದು ವಿಚಾರಿಸುವವನಲ್ಲ. ತಹಶೀಲ್ದಾರನು ತೀರ್ವೆ ಕಟ್ಟುವವನ ಹೆಸರನ್ನು ಬರೆಯುವನೇ ಹೊರತು ಪತ್ರದ ಸತ್ಯಾಸತ್ಯವನ್ನು ನಿರ್ಣಯಿಸುವವನಲ್ಲ. ಗೋಪನ ಒಂದು ನಿಬಂಧವು ಹೀಗೆ ಒಡೆಯಿತು. ಒಡೆದ ತುಂಡುಗಳನ್ನು ಮತ್ತೆ ಕೂಡಿಸುವುದಕ್ಕೆ ಮುಂದಿನ ನೂರು ವರ್ಷವೂ ಸಾಲದೆ ಹೋಯಿತು.

ಅಳಿಯಸಂತಾನದ ಕುಟುಂಬಗಳಲ್ಲಿ ಈ ತೊಡಕು ಇಮ್ಮಡಿಯಾಯಿತು. ವರ್ಗವು ಯಜಮಾನನ ಹೆಸರಿನಲ್ಲಿ ಇರುತ್ತಿದ್ದಿತು. ಹಕ್ಕು ಕವರುಕವರಾಗಿ ಸ್ತ್ರೀಸಂತತಿಯಲ್ಲಿ ಹರಡಿರುತ್ತಿದ್ದಿತು. ಅಡಂಗಲಿನಲ್ಲಿ ಯಜಮಾನನ ಒಂದು ಹೆಸರನ್ನು ಓದಿದವನು ಅವನನ್ನೇ ಸ್ವಾಮಿಯೆಂದು ತಿಳಿದರೆ, ಆ ಮನೆಯ ಅರ್ಧ ಹೆಂಗಸರ ಹಕ್ಕು ಕಾಣದೆ ಹೋಗುತ್ತದೆ. ಮದ್ರಾಸು ಸರಕಾರವು ೧೯೪೯ರಲ್ಲಿ ಅಳಿಯಸಂತಾನದ ಕಾಯಿದೆಯನ್ನು ಮಾಡಿ ವಿಭಾಗಕ್ಕೆ ದಾರಿಕೊಟ್ಟಿತು. ಆದರೆ ಲೆಕ್ಕಪುಸ್ತಕದ ಪಟ್ಟಿಯು ಹೆಸರಿಗೆ ಕೊಟ್ಟ ಸ್ಥಳವು ಹಿಂದಿನಂತೆಯೇ ಇಕ್ಕಟ್ಟಾಗಿ ಉಳಿಯಿತು.

ಪ್ರತಿಯಿಂದ ಪ್ರತಿಗೆ ಹೋಗುವಾಗ ಏನು ಕಳೆಯುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿಯೇ, ಕಚೇರಿಯ ಹೊರಗೆ, ಒಂದು ಮಹತ್ತರವಾದ ಉದಾಹರಣೆಯಿದೆ. ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ಷಟ್ಖಂಡಾಗಮದ ಮೇಲಣ ವೀರಸೇನಾಚಾರ್ಯರ ಧವಲಾ ಟೀಕೆ, ಜಯಧವಲಾ, ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧ ಇವುಗಳ ತಾಳೆಯೋಲೆಯ ಪ್ರತಿಗಳು ಹಳೆಯ ಕನ್ನಡ ಲಿಪಿಯಲ್ಲಿ ಸುರಕ್ಷಿತವಾಗಿದ್ದುವು. ಅವುಗಳಿಗೆ ದರ್ಶನವಿದ್ದಿತು, ಅಧ್ಯಯನವಿರಲಿಲ್ಲ. ಸೋಲಾಪುರ ಮುಂಬಯಿಗಳ ಶ್ರೀಮಂತ ಶ್ರಾವಕರ ಪ್ರಯತ್ನದಿಂದ ೧೮೯೬ರಲ್ಲಿ ಪ್ರತಿಮಾಡುವ ಕಾರ್ಯವು ಆರಂಭವಾಗಿ ೧೯೨೨ರಲ್ಲಿ ಮುಗಿಯಿತು. ಪ್ರತಿಯು ಬಸದಿಯಿಂದ ಹೊರಕ್ಕೆ ಹೋಗಬಾರದೆಂಬುದು ನಿಬಂಧನೆ. ಆದರೂ ಲಿಪಿಕಾರರಲ್ಲಿ ಒಬ್ಬರಾದ ಗಜಪತಿಶಾಸ್ತ್ರಿಗಳ ಮನೆಯಲ್ಲಿ ಗುಟ್ಟಾಗಿ ಕನ್ನಡದಲ್ಲಿ ಮತ್ತೊಂದು ಪ್ರತಿಯು ಸಿದ್ಧವಾಯಿತು. ಅದು ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿಂದ ನಾಗರಿಯಲ್ಲಿ ಪ್ರತಿಗಳು ಹುಟ್ಟಿ ಊರೂರಿಗೆ ಹರಡಿದುವು. ೧೯೩೯ರಲ್ಲಿ ಹೀರಾಲಾಲ ಜೈನರು ಧವಲದ ಮೊದಲನೆಯ ಸಂಪುಟವನ್ನು ಪ್ರಕಟಿಸಿದುದು ಈ ಪ್ರತಿಗಳ ಬಲದಿಂದಲೇ. ಹದಿನಾರು ಸಂಪುಟಗಳು ೧೯೫೮ಕ್ಕೆ ಪೂರ್ತಿಯಾದುವು.

ಮೊದಲನೆಯ ಸಂಪುಟದಲ್ಲಿ ೯೩ನೆಯ ಸೂತ್ರವನ್ನು ಅಚ್ಚುಮಾಡುವಾಗ ಸಂಪಾದಕರಿಗೆ ಸಂಶಯ ಹುಟ್ಟಿತು. ಮನುಷ್ಯಸ್ತ್ರೀಯರಿಗೆ ಯಾವ ಯಾವ ಗುಣಸ್ಥಾನಗಳು ಉಂಟೆಂದು ಹೇಳುವ ಆ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಶಬ್ದವು ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯನ್ನು ನೋಡಿದರೆ ಇರಬೇಕೆಂದು ತೋರುತ್ತಿದ್ದಿತು. ಸ್ತ್ರೀಮುಕ್ತಿಯ ವಿವಾದಕ್ಕೆ ಸಂಬಂಧಿಸಿದ ಶಬ್ದವಾದುದರಿಂದ ಇದರ ಮೇಲೆ ತೀವ್ರವಾದ ಚರ್ಚೆ ನಡೆಯಿತು. ಅನಂತರ ಮೂಡಬಿದಿರೆಯವರು ಓಲೆಗಳೊಡನೆ ತಾಳೆನೋಡಲು ಅನುಮತಿಯನ್ನು ಕೊಟ್ಟ ಮೇಲೆ ಆ ಶಬ್ದವು ಮೂಲದಲ್ಲಿ ಇರುವುದು ಖಚಿತವಾಯಿತು. ಮೂರು ಅಕ್ಷರಗಳ ಲೋಪವು ಎಷ್ಟು ದೊಡ್ಡ ವಾದಕ್ಕೆ ಎಡೆಮಾಡಿತೆಂಬುದು ಜೈನಪಂಡಿತರಿಗೆ ವಿದಿತವೇ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೂಲವನ್ನು ತೋರಿಸದೆ ಮುಚ್ಚಿಟ್ಟರೆ ಪ್ರತಿಗಳು ಹುಟ್ಟುವುದು ನಿಲ್ಲುವುದಿಲ್ಲ. ಅವು ಕಳ್ಳದಾರಿಯಲ್ಲಿ ಹುಟ್ಟಿ ತಪ್ಪುಗಳೊಡನೆ ಬೆಳೆಯುತ್ತವೆ. ಪ್ರತಿಗಳು ಎಷ್ಟೇ ಹೆಚ್ಚಿದರೂ ಅವು ಒಂದಕ್ಕೊಂದು ಸಾಕ್ಷಿಯಾಗಲಾರವು. ಒಂದೇ ತಪ್ಪನ್ನು ಹತ್ತು ಪ್ರತಿಗಳು ನುಡಿದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ.

ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಭೂಲೆಕ್ಕದ ಮುಂದಿನ ಚರಿತ್ರೆಗೆ ಬರಬೇಕು. ೧೯೫೬ನೆಯ ನವೆಂಬರ್ ೧ರಂದು ದಕ್ಷಿಣ ಕನ್ನಡವು ಕಾಸರಗೋಡನ್ನು ಕೇರಳಕ್ಕೆ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮದ್ರಾಸಿನ ಅಡಂಗಲಿನ ಸ್ಥಾನದಲ್ಲಿ, ೧೯೬೪ರ ಭೂಕಂದಾಯ ಕಾಯಿದೆಯ ತರುವಾಯ, ಆರ್.ಟಿ.ಸಿ. ಎಂದು ಜನರು ಕರೆಯುವ ಪಹಣಿಯು ಬಂದಿತು. ಅದರ ೯ನೆಯ ಕಾಲಂ ಸ್ವಾಮಿಯ ಹೆಸರಿಗೆ, ೧೦ನೆಯದು ಹಕ್ಕು ಬಂದ ಬಗೆಗೆ, ೧೧ನೆಯದು ಇತರ ಹಕ್ಕು ಮತ್ತು ಋಣಗಳಿಗೆ, ೧೨ನೆಯದು ಸಾಗುವಳಿಗಾರನಿಗೂ ಬೆಳೆಗೂ ಮೀಸಲು. ಕಾಯಿದೆಯ ೧೩೩ನೆಯ ಕಲಮಿನಂತೆ ಇದರ ನಮೂದುಗಳು ವಿರುದ್ಧವಾಗಿ ಸಿದ್ಧವಾಗುವವರೆಗೆ ಸತ್ಯವೆಂದು ಭಾವಿಸತಕ್ಕವು. ೧೯೭೪ನೆಯ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಚಾಲಗೇಣಿ, ಮೂಲಗೇಣಿಗಳ ಒಕ್ಕಲುಗಳು ೭ನೆಯ ನಮೂನೆಯ ಅರ್ಜಿಗಳನ್ನು ಹಿಡಿದು ತಾಲೂಕಿನ ಭೂನ್ಯಾಯಮಂಡಲಿಗಳ ಮುಂದೆ ನಿಂತಾಗ, ೧೨ನೆಯ ಕಾಲಮಿನಲ್ಲಿ ತನ್ನ ಹೆಸರು ಉಂಟೇ ಇಲ್ಲವೇ ಎಂಬುದರ ಮೇಲೆ ಅನೇಕ ಮನೆಗಳ ಅನ್ನವು ನಿಂತಿದ್ದಿತು. ಬಂಟವಾಳ ಬೆಳ್ತಂಗಡಿಗಳಲ್ಲಿ ಭೂಲೆಕ್ಕವು ಹೊಟ್ಟೆಯ ಪ್ರಶ್ನೆಯಾದುದು ಆಗ. ಅದುವರೆಗೆ ಅದು ತೀರ್ವೆಯ ಪ್ರಶ್ನೆ ಮಾತ್ರವಾಗಿದ್ದಿತು.

ಗಣಕಯಂತ್ರವು ಈ ಲೆಕ್ಕಗಳಿಗೆ ಬಂದುದು ೨೦ನೆಯ ಶತಮಾನದ ಅಂತ್ಯದಲ್ಲಿ. ‘ಭೂಮಿ’ ಎಂಬ ಯೋಜನೆಯಿಂದ ಕರ್ನಾಟಕದ ಸುಮಾರು ೬೭ ಲಕ್ಷ ಭೂಸ್ವಾಮಿಗಳ ಸುಮಾರು ೨ ಕೋಟಿ ಪಹಣಿಗಳು ೨೦೦೨ರ ವೇಳೆಗೆ ಯಂತ್ರಕ್ಕೆ ಏರಿದುವು. ತಾಲೂಕು ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿ ಕೊಟ್ಟವನಿಗೆ ಪಹಣಿಯು ಕೂಡಲೆ ದೊರೆಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಇದರಲ್ಲಿ ಮೆಚ್ಚತಕ್ಕ ಸಂಗತಿಯು ವೇಗವೊಂದೇ ಅಲ್ಲ. ತಿದ್ದುಪಡಿ ಮಾಡುವ ಅಧಿಕಾರಿಯು ತನ್ನ ಬೆರಳಗುರುತನ್ನು ಕೊಟ್ಟೇ ಒಳಹೋಗಬೇಕು. ಯಾರು, ಎಂದು, ಏನನ್ನು ಬದಲಾಯಿಸಿದರೆಂಬ ಗುರುತು ಉಳಿಯುತ್ತದೆ. ಬಂದ ಅರ್ಜಿಗಳು ಬಂದ ಸರದಿಯಲ್ಲಿಯೇ ತೀರಬೇಕು. ಕಡತವನ್ನು ಒರಸಿದ ಕೈ ಕಾಣುತ್ತಿರಲಿಲ್ಲವೆಂದು ಮೇಲೆ ಹೇಳಿದೆಯಷ್ಟೆ. ಇಲ್ಲಿ ಅದು ಕಾಣುತ್ತದೆ. ವಿಷ್ಣುವು ಹೇಳಿದ ಅಧ್ಯಕ್ಷನ ಕೈಗುರುತು ಬೇರೆ ರೂಪದಲ್ಲಿ ಮರಳಿ ಬಂದಿತೆನ್ನಬೇಕು. ಆದರೆ ಯಂತ್ರಕ್ಕೆ ಏರಿದುದು ಅಂದು ಗ್ರಾಮಲೆಕ್ಕಿಗರ ಬಳಿ ಇದ್ದ ಪ್ರತಿ. ಅದರಲ್ಲಿದ್ದ ತಪ್ಪುಗಳೂ ಏರಿದುವು. ಹೊಸದಾಗಿ ಬೆರಳೊತ್ತಿ ಬರೆದವರ ತಪ್ಪುಗಳೂ ಕೂಡಿದುವು. ಮನೆತನದ ಹೆಸರು ಬಿಟ್ಟುಹೋದುದು, ಸೆಂಟ್ಸಿನ ಅಂಕೆ ಹಿಂದುಮುಂದಾದುದು, ಒಂದೇ ಊರಿನ ಒಂದೇ ಹೆಸರಿನ ಇಬ್ಬರು ಒಬ್ಬರಾದುದು ಇವೆಲ್ಲ ಲಿಪಿಕಾರದೋಷಗಳೇ. ಅಚ್ಚಾದ ಪಾಠಕ್ಕೆ ಬರುವ ಪ್ರಾಮಾಣ್ಯದ ಭ್ರಮೆಯು ಇವಕ್ಕೂ ಬಂದುದು ಮಾತ್ರ ಹೊಸ ಸಂಗತಿ.

ಇಲಾಖೆಗಳ ನಡುವಣ ಸಂಬಂಧದಲ್ಲಿ ದೊಡ್ಡ ಹೆಜ್ಜೆಯೆಂದರೆ ನೋಂದಣಿ ಇಲಾಖೆಯ ‘ಕಾವೇರಿ’ಯನ್ನು ‘ಭೂಮಿ’ಯೊಡನೆ ಜೋಡಿಸಿದುದು. ಹಿಂದೆ ಉಪನೋಂದಣಾಧಿಕಾರಿಯು ನೋಂದಾಯಿತ ಪತ್ರದ ಸಾರಾಂಶವನ್ನು ‘ಜೆ’ ಚೀಟಿಯಲ್ಲಿ ಬರೆದು ತಹಶೀಲ್ದಾರನಿಗೆ ಕಳುಹಿಸುತ್ತಿದ್ದನು. ಚೀಟಿಯು ದಾರಿಯಲ್ಲಿ ಉಳಿದರೆ ಭೂಮಿ ಕೊಂಡವನು ಪತ್ರದಲ್ಲಿ ಸ್ವಾಮಿ, ಪಹಣಿಯಲ್ಲಿ ಯಾರೂ ಅಲ್ಲ. ಮಾರಿದವನು ಪಹಣಿಯನ್ನು ತೋರಿಸಿ ಎರಡನೆಯ ಬಾರಿ ಮಾರುವುದಕ್ಕೂ ಅವಕಾಶವಿದ್ದಿತು. ಜೋಡಣೆಯಾದ ಮೇಲೆ ನೋಂದಣಿಯ ಕಚೇರಿಯು ಪಹಣಿಯನ್ನು ‘ಭೂಮಿ’ಯಿಂದಲೇ ನೋಡುತ್ತದೆ, ತನ್ನ ಪ್ರತಿಯನ್ನು ಇಟ್ಟುಕೊಳ್ಳುವುದಿಲ್ಲ, ನೋಂದಣಿಯಾದೊಡನೆ ಮ್ಯುಟೇಶನ್ನಿಗೆ ಸೂಚನೆಯು ತಾನಾಗಿ ಹೋಗುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವವನು ಮೊದಲು ಭೂಮಾಪನ ಇಲಾಖೆಯ ‘೧೧-ಇ’ ನಕ್ಷೆಯನ್ನು ಪಡೆಯಬೇಕೆಂಬ ನಿಯಮದಿಂದ ಮೂರನೆಯ ಇಲಾಖೆಯೂ ಸೇರಿತು. ಈ ಜೋಡಣೆಯು ಸಫಲವಾದುದಕ್ಕೆ ಕಾರಣವು ಯಂತ್ರದ ಶಕ್ತಿಗಿಂತಲೂ ಅಧಿಕಾರದ ವಿಂಗಡಣೆ. ಹೆಸರಿಗೆ ಮಾತೃಕೆ ಕಂದಾಯ ಇಲಾಖೆಯದು, ಪತ್ರಕ್ಕೆ ನೋಂದಣಿಯದು, ಎಲ್ಲೆಗೆ ಭೂಮಾಪನದ್ದು. ಒಬ್ಬರದನ್ನು ಇನ್ನೊಬ್ಬರು ನೋಡಬಹುದು, ತಿದ್ದಲಾಗದು.

ಇಂತಹ ವಿಂಗಡಣೆಯಿಲ್ಲದ ಕಡೆ ಜೋಡಣೆಯೇ ತೊಡಕಾಗುತ್ತದೆ. ೨೦೧೩ರಲ್ಲಿ ಬಂದ ‘ಇ-ಸ್ವತ್ತು’ ಇದಕ್ಕೆ ನಿದರ್ಶನ. ಗ್ರಾಮಪಂಚಾಯತಿಯ ಮನೆನಿವೇಶನಗಳಿಗೆ ೯ ಮತ್ತು ೧೧ನೆಯ ನಮೂನೆಗಳು ಬೇಕೆಂದಾಯಿತು. ಈ ಸೀಮೆಯ ಜನರ ಬಾಯಲ್ಲಿ ಇದು ‘ನೈನ್ ಇಲೆವೆನ್’ ಎಂದು ರೂಢವಾಗಿದೆ. ಘಟ್ಟದ ಮೇಲಣ ನಾಡಿನಂತೆ ಇಲ್ಲಿ ಮನೆಗಳು ಊರೊತ್ತಾಗಿ ಗ್ರಾಮಠಾಣದಲ್ಲಿ ಇಲ್ಲ; ಒಬ್ಬೊಬ್ಬನ ಮನೆಯು ಅವನವನ ವರ್ಗದ ತೋಟದ ನಡುವೆ, ಗುಡ್ಡದ ಬದಿಯಲ್ಲಿ ಇರುತ್ತದೆ. ಗ್ರಾಮಠಾಣವುಳ್ಳ ದೇಶವನ್ನು ಮನಸ್ಸಿನಲ್ಲಿಟ್ಟು ರಚಿಸಿದ ನಮೂನೆಯಲ್ಲಿ ಇಂತಹ ಮನೆಗೆ ಸುಲಭವಾಗಿ ಸ್ಥಾನ ದೊರೆಯಲಿಲ್ಲ. ಭೂಪರಿವರ್ತನೆಯ ಆದೇಶ ಕಂದಾಯದಿಂದ, ವಿನ್ಯಾಸದ ಒಪ್ಪಿಗೆ ಬೇರೆ ಪ್ರಾಧಿಕಾರದಿಂದ, ನಮೂನೆ ಪಂಚಾಯತಿಯಿಂದ ಹೀಗೆ ಐದು ಸೆಂಟ್ಸಿನ ಮನೆಯವನು ಮೂರು ಕಚೇರಿಗಳನ್ನು ಸುತ್ತಬೇಕಾಯಿತು. ಪುಸ್ತಕಗಳು ಮಾತನಾಡಿಕೊಳ್ಳುವುದಕ್ಕೆ ಬದಲಾಗಿ ಮನುಷ್ಯನು ಪುಸ್ತಕಗಳ ನಡುವಣ ಓಲೆಕಾರನಾದನು.

ಬೆಳೆಯ ಲೆಕ್ಕವು ಎರಡನೆಯ ನಿದರ್ಶನ. ರೈತನ ಎಲ್ಲ ಜಮೀನುಗಳನ್ನು ಒಂದು ಗುರುತುಸಂಖ್ಯೆಯಡಿ ತರುವ ‘ಫ್ರೂಟ್ಸ್’, ಬೆಳೆವಿಮೆಯ ‘ಸಂರಕ್ಷಣೆ’, ಮೊಬೈಲಿನಲ್ಲಿ ಚಿತ್ರ ತೆಗೆದು ಮಾಡುವ ಬೆಳೆಸಮೀಕ್ಷೆ ಇವು ಮೂರೂ ಪಹಣಿಯನ್ನು ಆಧರಿಸಿವೆ. ಈ ಸೀಮೆಯ ಅಡಿಕೆತೋಟದಲ್ಲಿ ಅಡಿಕೆಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ, ಕೆಳಗೆ ಕೊಕ್ಕೊ ಅಥವಾ ಬಾಳೆ ಇರುತ್ತದೆ, ಅಂಚಿನಲ್ಲಿ ತೆಂಗು. ಒಂದು ನೆಲಕ್ಕೆ ಒಂದು ಬೆಳೆಯೆಂಬ ಕಲ್ಪನೆಯು ಬಯಲುಸೀಮೆಯ ರಾಗಿಹೊಲಕ್ಕೆ ಸರಿ. ಇಲ್ಲಿ ಅದು ಅನ್ವಯಿಸದು. ಅಡಿಕೆ ಮತ್ತು ಕಾಳುಮೆಣಸುಗಳಿಗೆ ಹವಾಮಾನಾಧಾರಿತ ವಿಮೆಯುಂಟು. ವಿಮೆಯ ಅರ್ಜಿಯಲ್ಲಿ ಬರೆದ ಬೆಳೆಯೂ ಸಮೀಕ್ಷೆಯಲ್ಲಿ ಕಂಡ ಬೆಳೆಯೂ ತಾಳೆಯಾಗದಿದ್ದರೆ ಪರಿಹಾರವು ತಡೆಯುತ್ತದೆ. ಸಮೀಕ್ಷಕನು ಮರವನ್ನು ನೋಡಿ ಬಳ್ಳಿಯನ್ನು ಬಿಟ್ಟನೆಂಬುದು ತೋಟದವನ ಅಪರಾಧವಲ್ಲ. ಈ ಪಾಠಾಂತರದಲ್ಲಿ ಯಾವುದು ಗ್ರಾಹ್ಯವೆಂದು ನಿರ್ಣಯಿಸುವ ಸಂಪಾದಕನು ಯಾರು ಎಂದು ಕೇಳಿದರೆ ಒಂದು ಇಲಾಖೆಯು ಇನ್ನೊಂದನ್ನು ತೋರಿಸುವುದೇ ಹೆಚ್ಚು.

ಮೂಡಬಿದಿರೆಯ ಲೆಕ್ಕಗಳಿಗೆ ಇನ್ನೊಂದು ಪ್ರಯಾಣವೂ ಒದಗಿತು. ಈ ಸೀಮೆಯು ಮೊದಲು ಕಾರ್ಕಳ ತಾಲೂಕಿನಲ್ಲಿದ್ದಿತು. ೧೯೯೭ರಲ್ಲಿ ಉಡುಪಿ ಜಿಲ್ಲೆಯು ಬೇರೆಯಾದಾಗ ಕಾರ್ಕಳವು ಅಲ್ಲಿಗೆ ಹೋಗಿ, ಮೂಡಬಿದಿರೆಯು ಮಂಗಳೂರು ತಾಲೂಕಿಗೆ ಸೇರಿತು. ೨೦೧೮ರಲ್ಲಿ ತಾನೇ ತಾಲೂಕಾಯಿತು. ಹಳೆಯ ಆದೇಶವೊಂದನ್ನು ಹುಡುಕುವವನು ಮೂರು ದಾಖಲೆಕೋಣೆಗಳನ್ನು ನೆನೆಯಬೇಕಾಗುತ್ತದೆ. ಹಳೆಯ ದಾಖಲೆಗಳನ್ನು ಪುಟಪುಟವಾಗಿ ಬಿಂಬತೆಗೆದು ಯಂತ್ರದಲ್ಲಿಡುವ ‘ಭೂಸುರಕ್ಷಾ’ ಎಂಬ ಕಾರ್ಯವನ್ನು ಕಂದಾಯ ಇಲಾಖೆಯು ೨೦೨೪ರಲ್ಲಿ ಕೈಗೊಂಡಿತು. ೧೯೨೩ರಲ್ಲಿಯೂ ೧೯೭೪ರಲ್ಲಿಯೂ ನೇತ್ರಾವತಿಯು ಬಂಟವಾಳದ ಪೇಟೆಯೊಳಕ್ಕೆ ನುಗ್ಗಿದುದನ್ನು ನೆನೆದರೆ ಇದರ ಅಗತ್ಯವನ್ನು ಹೇಳಬೇಕಾಗಿಲ್ಲ. ಈ ಕಾರ್ಯವು ‘ಭೂಮಿ’ಗಿಂತ ಭಿನ್ನವಾದುದು. ಅಲ್ಲಿ ಬರೆದುದನ್ನು ಮತ್ತೆ ಬರೆದರು. ಇಲ್ಲಿ ಓಲೆಯ ಛಾಯೆಯನ್ನೇ ತೆಗೆಯುತ್ತಾರೆ. ಸಂಪಾದಕನಿಗೆ ಎರಡನೆಯದೇ ಪ್ರಿಯ.

ಈಗಿನ ಕಚೇರಿಭಾಷೆಯಲ್ಲಿ ಈ ಸಂಗತಿಗಳಿಗೆಲ್ಲ ‘ದತ್ತಾಂಶ’ವೆಂದು ಹೆಸರು. ಶಬ್ದವು ಹೊಸದಾದರೂ ದತ್ತವೆಂದರೆ ಕೊಟ್ಟದ್ದು ಎಂಬ ಅರ್ಥವು ಹಳೆಯದು. ಕೊಟ್ಟವನಾರು? ಪ್ರಜೆ. ಯಾವ ಕಾರ್ಯಕ್ಕಾಗಿ ಕೊಟ್ಟನು? ಅಷ್ಟಾದಶ ವ್ಯವಹಾರಪದಗಳಲ್ಲಿ ದತ್ತಾಪ್ರದಾನಿಕವೆಂಬ ಒಂದು ಪದವೇ ಉಂಟು. ಸರಿಯಲ್ಲದ ರೀತಿಯಲ್ಲಿ ಕೊಟ್ಟುದನ್ನು ಹಿಂದಕ್ಕೆ ಪಡೆಯುವ ವಿಚಾರವು ಅದರಲ್ಲಿದೆ. ೨೦೧೨ರಲ್ಲಿ ಕೇಂದ್ರಸರಕಾರವು ಪ್ರಕಟಿಸಿದ ರಾಷ್ಟ್ರೀಯ ದತ್ತಾಂಶ ಹಂಚಿಕೆಯ ನೀತಿಯು ಸರಕಾರದ ಬಳಿ ಇರುವ ಸಂಗತಿಗಳನ್ನು ಮುಕ್ತ, ನಿರ್ಬಂಧಿತ ಎಂದು ವಿಂಗಡಿಸಿ ತೆರೆಯುವುದನ್ನು ಉದ್ದೇಶಿಸಿತು. ೨೦೧೭ನೆಯ ಆಗಸ್ಟಿನಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು ವ್ಯಕ್ತಿಗೆ ತನ್ನ ಸಂಗತಿಯನ್ನು ತಿದ್ದಿಸುವ ಹಕ್ಕನ್ನು ವಿಧಿಸಿದೆ. ಸಹಾಯಧನ ಮೊದಲಾದುವುಗಳಿಗಾಗಿ ಸರಕಾರವು ಅವನ್ನು ಬಳಸಲು ಅವಕಾಶವನ್ನೂ ಇಟ್ಟಿದೆ. ಪಹಣಿಯು ಎಲ್ಲರಿಗೂ ತೆರೆದಿರುವುದು ನ್ಯಾಯ, ಏಕೆಂದರೆ ಕೊಳ್ಳುವವನು ನೋಡಬೇಕು. ಅದರೊಡನೆ ಜೋಡಿಸಿದ ಆಧಾರ್ ಸಂಖ್ಯೆಯಾಗಲಿ ಕುಟುಂಬದ ವಿವರವಾಗಲಿ ಅದೇ ರೀತಿಯಲ್ಲಿ ತೆರೆದಿರತಕ್ಕದ್ದಲ್ಲ. ಮೂಡಬಿದಿರೆಯ ಓಲೆಗಳಿಗೆ ಇದ್ದ ಗೋಪ್ಯವೂ ಪಹಣಿಗೆ ಇರುವ ಪ್ರಕಾಶವೂ ಒಂದೇ ಮಾನದಿಂದ ಅಳೆಯತಕ್ಕವಲ್ಲ.

ಕಡೆಗೆ ಕುಮ್ಕಿ ಮತ್ತು ಕಾಡಿನ ವಿಷಯ. ಕದೀಂ ವರ್ಗದ ಸುತ್ತ ನೂರು ಗಜದೊಳಗಣ ಸರಕಾರಿ ನೆಲದಲ್ಲಿ ಸೊಪ್ಪು, ಕೃಷಿಗೆ ಬೇಕಾದ ಮರ, ಮೇವು ಇವನ್ನು ಪಡೆಯುವ ಸೌಲಭ್ಯಕ್ಕೆ ಕುಮ್ಕಿಯೆಂದು ಹೆಸರು. ೧೯೬೪ರ ಕಾಯಿದೆಯ ೭೯ನೆಯ ಕಲಮು ಇದನ್ನು ಮುಂದುವರಿಸಿದೆ. ಇದು ಒಂದು ನೆಲದ ಮೇಲಣ ಹಕ್ಕಲ್ಲ, ಎರಡು ನೆಲಗಳ ನಡುವಣ ಸಂಬಂಧ. ಒಂದೊಂದು ಸರ್ವೆ ನಂಬರಿಗೆ ಒಂದೊಂದು ಹಾಳೆಯೆಂದು ಏರ್ಪಡಿಸಿದ ಲೆಕ್ಕದಲ್ಲಿ ಸಂಬಂಧಗಳಿಗೆ ಸ್ಥಾನವು ಸಹಜವಾಗಿ ದೊರೆಯುವುದಿಲ್ಲ. ವರ್ಗವು ನಾಲ್ಕು ಪಾಲಾದಾಗ ಕುಮ್ಕಿಯು ಯಾರಿಗೆ ಹೋಯಿತೆಂಬುದು ಊರಿನ ಹಿರಿಯರಿಗೆ ತಿಳಿದಿರುತ್ತದೆ, ಪುಸ್ತಕಕ್ಕೆ ತಿಳಿದಿರುವುದಿಲ್ಲ. ಅದೇ ನೆಲವು ಅರಣ್ಯ ಇಲಾಖೆಯ ಪುಸ್ತಕದಲ್ಲಿ ಡೀಮ್ಡ್ ಅರಣ್ಯವೆಂದು ಇದ್ದರೆ ತೊಡಕು ಮೂರು ಪಟ್ಟು. ೨೦೨೨ರಲ್ಲಿ ರಾಜ್ಯಸರಕಾರವು ಡೀಮ್ಡ್ ಅರಣ್ಯದ ಪಟ್ಟಿಯನ್ನು ಪರಿಷ್ಕರಿಸಿ ೩ ಲಕ್ಷ ೩೦ ಸಾವಿರ ಹೆಕ್ಟೇರಿಗೆ ಇಳಿಸಿದಾಗಲೂ, ಪಟ್ಟಿಯಿಂದ ಹೊರಗಾದ ನೆಲವು ಗ್ರಾಮನಕ್ಷೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಸ್ಥಳದಲ್ಲಿ ಅಳೆದಲ್ಲದೆ ಹೇಳಲಾಗದ ಮಾತಾಯಿತು. ೧೯೮೭ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚು ತಗಲುವ ಬೆಳ್ತಂಗಡಿಯ ಘಟ್ಟದಡಿಯ ಗ್ರಾಮಗಳಲ್ಲಿ ಅರಣ್ಯ, ಕಂದಾಯ, ಭೂಮಾಪನ ಮೂರೂ ಇಲಾಖೆಗಳು ಒಟ್ಟಿಗೆ ಸರಪಳಿಹಿಡಿದು ಮಾಡುವ ಜಂಟಿ ಸರ್ವೆಯೊಂದೇ ಇದಕ್ಕೆ ದಾರಿ. ಹಾಗೆ ಅಳೆದು ಮೂವರೂ ರುಜುಹಾಕಿದ ಗಡಿಯು ಯಾವ ಪುಸ್ತಕದಲ್ಲಿ ಮೊದಲು ಏರತಕ್ಕದ್ದು, ಮುಂದೆ ಅದನ್ನು ತಿದ್ದತಕ್ಕವನು ಯಾವ ಇಲಾಖೆಯವನು ಎಂಬ ಎರಡು ಮಾತುಗಳು ಸರ್ವೆಯ ಆದೇಶದಲ್ಲಿಯೇ ಲಿಖಿತವಾಗಿರಬೇಕು. ಅವು ಇಲ್ಲದೆ ಹೊರಟ ನಕ್ಷೆಯು ಮೂರು ಕಚೇರಿಗಳಲ್ಲಿ ಮತ್ತೆ ಮೂರು ಪ್ರತಿಗಳಾಗಿ ಕುಳಿತುಕೊಳ್ಳುತ್ತದೆ.